ಅಕ್ಕಿಯಲ್ಲಿ ಬರೆದ ಹೆಸರು

ಅವ್ವಾ,

ನೀನು ತೀರಿಕೊಂಡು ಆರು ವರ್ಷವಾದ ಮೇಲೆ ಇವತ್ತು ನನಗೆ ನಿನ್ನ ಹೆಸರು ಗೊತ್ತಾಯಿತು.

ಬರುವ ತಿಂಗಳು ನಿನ್ನ ಮೊಮ್ಮಗ ಹೃಷಿಕೇಶನ ಮದುವೆ. ಅಷ್ಟರೊಳಗೆ ನಮ್ಮ ವಂಶಾವಳಿ ಬರೆದಿಡೋಣವೆಂದು, ನಿನ್ನ ಹುಟ್ಟಿದ ತಾರೀಖು ಹುಡುಕುತ್ತ ನಿನ್ನ ತವರೂರಿನ ಮಹಾಲ್ ಪೇಟೆಯ ಶಾಲೆಗೆ ಎರಡು ಸಲ ಹೋಗಿದ್ದೆ. ಹಳೆಯ ರಿಜಿಸ್ಟರಿನಲ್ಲಿ ಕೃಷ್ಣವೇಣಿ ಎಂಬ ಹುಡುಗಿಯೇ ಇರಲಿಲ್ಲ. ಶಾಲೆ ಕಲಿತೆನೆಂದು ನೀನು ಹೇಳುತ್ತಿದ್ದದ್ದೇ ಸುಳ್ಳೇನೋ ಅಂದುಕೊಂಡೆ.

ಇವತ್ತು ಬೆಳಿಗ್ಗೆ ನಿನ್ನ ಅಕ್ಕ ಫೋನಿನಲ್ಲಿ ಬೈದಳು. "ಹುಚ್ಚಿ, ಕೃಷ್ಣವೇಣಿ ಅಂತ ನಿಮ್ಮಪ್ಪ ಮದುವ್ಯಾಗ ಅಕ್ಕಿ ತಾಟಿನ್ಯಾಗ ಬರದು ಇಟ್ಟ ಹೆಸರು. ನನ್ನ ತಂಗಿ ವತ್ಸಲಾ."

ಮತ್ತೆ ಶಾಲೆಗೆ ಹೋದೆ. ಈ ಸಲ ಸಿಕ್ಕಿತು. ವತ್ಸಲಾ, ಮಾತೃಭಾಷೆ ಕನ್ನಡ. ಶಾಲೆ ಬಿಟ್ಟ ಕಾರಣದ ಮುಂದೆ ಒಂದೇ ಪದ: ಲಗ್ನ. ಇವರೇ ಏನು ನಿಮ್ಮ ಆಯಿ ಎಂದು ಗುಮಾಸ್ತೆ ಮರಾಠಿಯಲ್ಲಿ ಕೇಳಿದಳು. "ಹೋ, ಹೌದು" ಎಂದು ಆ ಹೆಸರಿನ ಮೇಲೆ ಬೆರಳಿಟ್ಟೆ.

ನನ್ನ ಮದುವೆಯಲ್ಲಿ ಹೆಸರು ಬದಲಿಸಬಾರದೆಂದು ನೀನು ಬೀಗರೊಡನೆ ಜಗಳವಾಡಿದ್ದೆ. ಮಾನ ಕಳೆದೆಯೆಂದು ನಿನ್ನೊಡನೆ ನಾನು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.

ಈಗ ಬರಲಿರುವ ಸೊಸೆಗೆ ನಿನ್ನ ನೆನಪಿಗಾಗಿ ಕೃಷ್ಣವೇಣಿ ಎಂಬ ಹೆಸರನ್ನೇ ಆರಿಸಿಟ್ಟಿದ್ದೆ. ಶಾಲೆಯ ಗೇಟಿನಲ್ಲೇ ನಿಂತು ಆಕೆಗೆ ಫೋನು ಮಾಡಿದೆ.

"ಚಾರುಲತಾ, ಮದುವ್ಯಾಗ ನಿನ್ನ ಹೆಸರು ಬದಲಿ ಮಾಡೂದಿಲ್ಲ."

"ಖರೇನ್ರಿ ಅತ್ತಿ?" ಎಂದವಳ ದನಿಯಲ್ಲಿ ನಗು ಉಕ್ಕುತ್ತಿತ್ತು.

ಅಕ್ಕಿಯಲ್ಲಿ ಹೆಸರು ಬರೆಯಲೇಬೇಕೆಂದು ಭಟ್ಟರು ಹಟ ಹಿಡಿದರೆ, ಹೃಷಿಕೇಶ ಚಾರುಲತಾ ಎಂದೇ ಬರೆಯಲಿ.

ನೀನಿಟ್ಟ ಹೆಸರಿನಲ್ಲೇ ಉಳಿದ ನಿನ್ನ ಮಗಳು,
ನಮಿತಾ