ಹೊಸ ಕಾರಿನ ಮೇಲೆ ಹಿಪ್ಪುನೇರಳೆ ಕಲೆ

ಓಯ್ಬೆಕ್,

ಹಿಪ್ಪುನೇರಳೆ ಮರದಡಿ ಕಾರು ನಿಲ್ಲಿಸಬೇಡ ಅಂದಿದ್ದೆ, ಕೇಳಲಿಲ್ಲ. ಈಗ ಕಾರಿನ ಮೈ ತುಂಬ ಹಣ್ಣಿನ ಕಲೆ.

ತೊಳೆಯುವಾಗ ಪಾತ್ರೆ ಉಜ್ಜೋ ನಾರು ಮುಟ್ಟಬೇಡ, ಹೊಸ ಬಣ್ಣಕ್ಕೆ ಗೀರು ಬೀಳುತ್ತೆ. ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಜಾಲಿಸೋಕೆ ಇನ್ನೊಂದು. ಮೇಣ ನೆರಳಲ್ಲೇ ಹಚ್ಚು.

ಹಳೇ ಕಾರಲ್ಲಿ ಅಪ್ಪನನ್ನು ಫರ್ಗಾನಾ ಆಸ್ಪತ್ರೆಗೆ ಕರ್ಕೊಂಡು ಅಲೆದವಳು ನಾನು. ಹೊಸದರ ಕೀಲಿ ಮಾತ್ರ ನಿನಗೆ. "ಮದುವೆಯಾಗಿ ಹೋಗೋಳು, ನಿನಗ್ಯಾಕಮ್ಮ ಕಾರು?" ಅಂದ್ರು ಅಪ್ಪ. ನೀನು ಹಲ್ಲು ಕಿರಿದೆ. ಹೊಟ್ಟೆ ಉರಿಯುತ್ತೆ ಕಣೋ, ಸುಳ್ಳು ಹೇಳಲ್ಲ.

ಆದ್ರೂ ನೋಡೋಕಾಗದೆ ಬಲಗಡೆ ಬಾಗಿಲೆರಡೂ ನಾನೇ ತೊಳೆದು ಮೇಣ ಹಚ್ಚಿದ್ದೀನಿ. ಉಳಿದದ್ದು ನೀನು ಮುಗಿಸು.

ಸಂಜೆ ನಾನು ಕೆಲಸ ಬಿಡೋ ಹೊತ್ತಿಗೆ ರೇಷ್ಮೆ ಗಿರಣಿ ಗೇಟಿಗೆ ಕಾರು ತಗೊಂಡು ಬಾ. ಬಂದವನೇ ಇಳಿದು ಆಚೆ ಸೀಟಿಗೆ ಹೋಗು. ಮನೆವರೆಗೆ ನಾನೇ ಓಡಿಸ್ತೀನಿ, ಗಿರಣಿಯವರೆಲ್ಲ ನೋಡ್ಲಿ.

ಅಕ್ಕ ಮುಹಯ್ಯೋ