ನಾಲ್ಕನೆಯವಳು ಬಾಯಿಬಿಟ್ಟ ಪ್ರಸಂಗ

ಮಾರ್ಚ್ 3, ಬೆಳಿಗ್ಗೆ
ಮಹಾಜನರೇ, ಗದ್ದಲ ನಿಲ್ಲಿಸಿ! ಯಾರೂ ಇಲ್ಲವೆಂದು ಗೊತ್ತು, ಆದರೂ ನಿಲ್ಲಿಸಿ. ಇಗೋ ಇನ್‌ಕ್ಯುಬೇಟರಿನ ಅಂತಃಪುರ. ಒಂದೇ ನರದ ಕ್ಯಾನ್ಸರ್ ಗಡ್ಡೆಯಿಂದ ತೆಗೆದು, ಫ್ಲಾಸ್ಕಿಗೊಂದರಂತೆ ಬೆಳೆಸಿದ ಜೀವಕೋಶಗಳ ಬಳಗಗಳು. ಏಳನೆಯವಳು ನರಗಳು ಮಾತಾಡುವ ರಾಸಾಯನಿಕ ಡೋಪಮೈನನ್ನು ಸುರಿಸುವ ಬಾಯಿಬಡುಕಿ. ಎರಡನೆಯವಳದು ಅಂಥದೇ ಇನ್ನೊಂದು, ಅಸಿಟೈಲ್‌ಕೋಲಿನ್ ಮಾತ್ರ. ನಾಲ್ಕನೆಯವಳು ಏನನ್ನೂ ತಯಾರಿಸಳು — ಮೂಕಿ. ಇಪ್ಪತ್ತೆರಡು ವರ್ಷದಿಂದ ಇವರಿಗೆ ಉಣಿಸುವ ಟೆಕ್ನಿಷಿಯನ್, ಸಂಜೆಯ ಹವ್ಯಾಸಿ ನಟ, ನಾನು.
ಪೋಷಕದ್ರವ ಒಂದೇ ಬಾಟಲಿ ಉಳಿದಿತ್ತು. ಏಳಕ್ಕೆ ಹಾಕಿ, ಅದೇ ಪಿಪೆಟ್ ಕೊಳವೆಯಲ್ಲಿ, ನಮ್ಮ ಸಂಶೋಧನಾ ವಿದ್ಯಾರ್ಥಿನಿ ಪುಟ್ಟಿ ಮಾತು ಬರಿಸಲೆಂದು ಔಷಧ ಕೊಡುತ್ತಿರುವ ನಾಲ್ಕಕ್ಕೂ ಹಾಕಿದೆ. ಬಳಗಕ್ಕೊಂದು ಬಾಟಲಿ ಎಂಬುದು ನಿಯಮ. ಒಂದು ದಿನ ತಾನೇ...

ಏಪ್ರಿಲ್ 16
ಮೂಕಿ ಬಾಯಿಬಿಟ್ಟಳು! ಡೋಪಮೈನ್! ಹೋಲಿಕೆಗೆಂದು ಔಷಧ ಕೊಡದೆ ಬೇರೆ ಫ್ಲಾಸ್ಕಿನಲ್ಲಿಟ್ಟ ನಾಲ್ಕನೆಯವಳು ಮಾತ್ರ ಹಾಗೇ ಇದ್ದಾಳೆ. ಪುಟ್ಟಿ ಕುಣಿದಾಡಿಬಿಟ್ಟಳು.
“ಅಣ್ಣಾ, ಔಷಧಿ ಕೆಲ್ಸ ಮಾಡ್ತು! ಐದು ವರ್ಷ ಅಣ್ಣಾ!”
“ನಿನ್ನ ಔಷಧಿ ಅಲ್ಲಮ್ಮ, ನನ್ನ ಕೈಗುಣ!” ಎಂದೆ.

ಮೇ 28
ಪುಟ್ಟಿಯ ಪಿಎಚ್.ಡಿ. ಪ್ರಬಂಧ ಸಲ್ಲಿಕೆಯಾಯಿತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು. ಅಚ್ಚಿನಲ್ಲಿ, ಮೊದಲ ಸಲ. ನಾಲ್ಕು ಬಾರಿ ಓದಿದೆ.

ಆಗಸ್ಟ್ 9
ಫ್ಲಾಸ್ಕಿಗೆ ವಯಸ್ಸಾಯಿತೆಂದು ಫ್ರೀಜರಿನ ಟ್ಯೂಬಿನಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಹಳೇ ನಾಲ್ಕನೆಯವಳನ್ನು ಎಬ್ಬಿಸಿ ಹೊಸ ಫ್ಲಾಸ್ಕಿಗೆ ಹಾಕಿದ್ದೆ. ಔಷಧ ಕೊಟ್ಟೆ. ಮೂಕಿ. ದುಪ್ಪಟ್ಟು ಕೊಟ್ಟೆ. ಮೂಕಿ. ಈ ಡೈರಿ ತಿರುವಿದೆ — ಮಾರ್ಚ್ 3. ಅಂದಿನ ಪಿಪೆಟ್ಟಿಗೆ ಅಂಟಿದ ಒಂದು ಹನಿಯಲ್ಲಿ ಏಳನೆಯವಳು ನಾಲ್ಕರ ಫ್ಲಾಸ್ಕಿಗೆ ದಾಟಿದ್ದಾಳೆ. ಬೇಗ ಬೆಳೆಯುವವಳು, ಮೂಕಿಯನ್ನು ನುಂಗಿ, ಅವಳ ಲೇಬಲ್ ತೊಟ್ಟು ಮೆರೆಯುತ್ತಿದ್ದಾಳೆ. ವೇಷ ಕಟ್ಟಿದವನು ನಾನೇ!

ಆಗಸ್ಟ್ 10
ವಿಭಾಗದ ಮುಖ್ಯಸ್ಥೆ ಮೇಡಂಗೆ ಎಲ್ಲ ಹೇಳಿದೆ. ಅವರು ಕಡತಕ್ಕೆ ಸಹಿ ಹಾಕುತ್ತಲೇ ಕೇಳಿದರು.
“ಬೇರೆ ಯಾರಿಗಾದ್ರೂ ಗೊತ್ತಾ?”
“ಇಲ್ಲ ಮೇಡಂ.”
“ಆ ಹಳೇ ಟ್ಯೂಬ್‌ಗಳನ್ನ ಎಸೆದ್ಬಿಡಿ. ಫ್ರೀಜರಲ್ಲಿ ಜಾಗ ಇಲ್ಲ ಅಂತ ನೀವೇ ಗೊಣಗ್ತಿದ್ರಲ್ಲ.” ಆಮೇಲೆ ನಕ್ಕರು. “ನಾಟಕದೋರು ನೀವು. ಮಾತಿಲ್ಲದ ಪಾತ್ರ ಒಂದು ಮಾಡಕ್ಕಾಗಲ್ವಾ?”
ರಂಗದ ಮೇಲೆ ಸಿಡಿಲಿನಂತೆ ಗುಡುಗಿದವನು. “ಆಯ್ತು ಮೇಡಂ” ಎಂದು ಬಂದೆ. ಥೂ.

ಆಗಸ್ಟ್ 11, ಸಂಜೆ
ಟ್ಯೂಬ್ ಎಸೆದಿಲ್ಲ. ಪುಟ್ಟಿ ಬಂದಿದ್ದಳು.
“ನಾಳೆ ಹತ್ತಕ್ಕೆ ವೈವಾ. ಮುಂದಿನ ಸಾಲಲ್ಲೇ ಕೂತ್ಕೋಬೇಕು ಅಣ್ಣಾ. ನಿಮ್ಮ ಕೈಗುಣ ಅಂತ ಎಲ್ರ ಮುಂದೆ ಹೇಳ್ತೀನಿ.”
ಮಹಾಜನರೇ, ಬೆಳಿಗ್ಗೆ ಎಂಟಕ್ಕೆ, ಅವಳು ಸಭೆಗೆ ಕಾಲಿಡುವ ಮುನ್ನ, ವೇಷದವಳದು, ನಿಜವಾದ ಮೂಕಿಯದು, ಎರಡೂ ಫ್ಲಾಸ್ಕ್ ಹಿಡಿದು ಅವಳೆದುರು ನಿಲ್ಲುತ್ತೇನೆ. ‘ಪುಟ್ಟೀ, ಬಾಯಿಬಿಟ್ಟಿದ್ದು ನಾಲ್ಕನೆಯವಳಲ್ಲ’ ಎನ್ನುತ್ತೇನೆ. ಆಮೇಲೆ —