ಪೆನ್ ಡ್ರೈವ್‌ನಲ್ಲಿ ಇದ್ದದ್ದು

ಮಾರ್ಚ್ ೧೧, ಮಂಗಳವಾರ

ಇವತ್ತೂ ಕಂಪ್ಯೂಟರ್ ಎರಡು ಸಲ ಕೀಂ ಎಂದು ಕಪ್ಪಗಾಯಿತು. ರಿಪೇರಿಯವನು ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು, "ಇದು ಹೋಯ್ತಮ್ಮಾ. ಕಾಪಿ ಇದೆ ತಾನೆ?" ಎಂದ. ಜಂಬದಿಂದ ಪೆನ್ ಡ್ರೈವ್ ಕೊಟ್ಟೆ.

"ಇದ್ರಲ್ಲಿರೋದು ಬರೀ ಶಾರ್ಟ್‌ಕಟ್. ಫೈಲ್ ಎಲ್ಲಿದೆ ಅಂತ ತೋರ್ಸುತ್ತೆ ಅಷ್ಟೇ. ಫೈಲೇ ಇಲ್ವಲ್ಲ."

ಎರಡು ವರ್ಷ, ಪ್ರತಿ ಭಾನುವಾರ ತಪ್ಪದೆ ಅದನ್ನೇ ಕಾಪಿ ಮಾಡಿದ್ದೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅತ್ತೆ ಹೇಳುತ್ತಾ ಹೋದಂತೆ ನಾನು ಟೈಪ್ ಮಾಡಿದ ಅವರ ಬದುಕಿನ ಕಥೆಯೆಲ್ಲ ಆ ಹಾರ್ಡ್ ಡಿಸ್ಕಿನಲ್ಲಿತ್ತು. ಈಗ ಅವರಿಗೆ ನನ್ನ ಹೆಸರೂ ನೆನಪಿಲ್ಲ. ಸಂಜೆ ಎಂದಿನಂತೆ "ಓದಮ್ಮಾ" ಎಂದರು. ಖಾಲಿ ಹಾಳೆ ಹಿಡಿದು ನೆನಪಿದ್ದಷ್ಟು ಒಪ್ಪಿಸಿದೆ. ಶಾಲೆಯ ಹೆಸರು ತಪ್ಪಿತು, ಸತ್ತ ತಂಗಿಯ ವಯಸ್ಸೂ ತಪ್ಪಿತು. ಒಂದು ಮಾತು ಆಚೀಚೆಯಾದರೂ ಗದರುತ್ತಿದ್ದವರು ಎಲ್ಲದಕ್ಕೂ ಹೂಂಗುಟ್ಟಿದರು.